ಬಸುರಿಯರಿಗೆ ಪ್ರತಿ ಸಲ ಬಿಪಿ, ಮೂತ್ರ ಪರೀಕ್ಷೆ ಏಕೆ?

ಪ್ರಶ್ನೆ: ನನ್ನ ಸೊಸೆಗೆ ಈಗ ಐದು ತಿಂಗಳು. ಗಟ್ಟಿಮುಟ್ಟಾಗಿದ್ದಾಳೆ. ಆದರೂ ಕೂಪರ್ ಆಸ್ಪತ್ರೆಗೆ ಹೋದಾಗಲೆಲ್ಲ ಬಿಪಿ, ಮೂತ್ರ ಪರೀಕ್ಷೆ ಮಾಡುತ್ತಾರೆ. ಏಕೆ?
– ಓದುಗರೊಬ್ಬರು, ವಿಲೆ ಪಾರ್ಲೆ

ಉತ್ತರ: ಪ್ರೀ-ಎಕ್ಲಾಂಪ್ಸಿಯಾ, ಅಂದರೆ ಗರ್ಭನಂಜನ್ನು ಬೇಗ ಪತ್ತೆಹಚ್ಚಲು. ಶುರುವಿನಲ್ಲಿ ಇದು ತಾಯಿಗೆ ಗೊತ್ತೇ ಆಗದಿರಬಹುದು.

ಮಗುವನ್ನು ಪೋಷಿಸುವುದು ಮಾಸು. ಅದಕ್ಕೆ ರಕ್ತ ತರುವ ಗರ್ಭಕೋಶದ ನಾಳಗಳು ಮೊದಲ ತಿಂಗಳುಗಳಲ್ಲೇ ಅಗಲವಾಗಬೇಕು. ಕೆಲವರಲ್ಲಿ ಆಗುವುದಿಲ್ಲ. ಸಪೂರ ಪೈಪಿನಿಂದ ಮೇಲಿನ ಮಹಡಿಗೆ ನೀರು ಸಾಲದ ಹಾಗೆ, ಮಾಸಿಗೆ ರಕ್ತ ಸಾಲುವುದಿಲ್ಲ. ಸೊರಗಿದ ಮಾಸು ಕೆಲವು ಪ್ರೋಟೀನುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅವು ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ನಾಳಗಳು ಬಿಗಿದು ಬಿಪಿ ಏರುತ್ತದೆ. ಮೂತ್ರಪಿಂಡದಿಂದ ಪ್ರೋಟೀನ್ ಸೋರುತ್ತದೆ. ಆಗ ಮೂತ್ರದಲ್ಲಿ ಅದ್ದಿದ ಪಟ್ಟಿಯ ಹಳದಿ ಚೌಕ ಹಸಿರಿಗೆ ತಿರುಗುತ್ತದೆ. 20 ವಾರಗಳ ನಂತರ ಬಿಪಿ 140/90 ಮುಟ್ಟಿದರೆ ಎಚ್ಚರಿಕೆ ಬೇಕು. ನಿರ್ಲಕ್ಷಿಸಿದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಈಗ 11ರಿಂದ 13ನೇ ವಾರದಲ್ಲೇ ಬಿಪಿ, ಡಾಪ್ಲರ್ ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯಿಂದ ಅಪಾಯವನ್ನು ಅಂದಾಜಿಸಬಹುದು. ಹಾಗೆ ಗುರುತಿಸಿದ ಗರ್ಭಿಣಿಯರಿಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ, 37 ವಾರಕ್ಕೆ ಮುಂಚೆ ಹೆರಿಗೆ ಮಾಡಿಸಬೇಕಾಗುವಂಥ ಗರ್ಭನಂಜು ಶೇ. 62ರಷ್ಟು ಇಳಿಯಿತೆಂದು 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನ ತೋರಿಸಿತು. ವೈದ್ಯರು ಹೇಳದೆ ಈ ಮಾತ್ರೆ ನುಂಗಬಾರದು.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯೂ ಇದೆ. ನಿಮ್ಮ ಸೊಸೆಯ ಒಂದು ತಪಾಸಣೆಯನ್ನೂ ತಪ್ಪಿಸಬೇಡಿ. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.