ಬಲಿಯದ ಕಣ, ಕಾಯದ ಕಾಲ

ಹಟ್ಟಿಯಂಗಡಿಯ ನಮ್ಮ ನೆರೆಮನೆಯ ಹತ್ತೊಂಬತ್ತರ ಹುಡುಗನಿಗೆ ಕಳೆದ ಮಳೆಗಾಲದಲ್ಲಿ ವಸಡಿನಿಂದ ರಕ್ತ ಒಸರತೊಡಗಿತು. ಹಲ್ಲಿನ ತೊಂದರೆಯೆಂದು ಒಂದು ವಾರ ಕಳೆಯಿತು. ಮೈಮೇಲೆ ನೀಲಿ ಕಲೆಗಳು ಮೂಡಿದ ಮೇಲೆ ದೊಡ್ಡಾಸ್ಪತ್ರೆಗೆ ಒಯ್ದರು. ಅದು ಅಕ್ಯೂಟ್ ಪ್ರೋಮೈಲೊಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. ಔಷಧಿಗಳಲ್ಲೊಂದು ಪಾಷಾಣವೆಂದು ತಿಳಿದ ಹುಡುಗನ ತಂದೆ ನನ್ನಲ್ಲಿಗೆ ಬಂದು, "ಅಯ್ಯಾ, ವಿಷ ಕೊಟ್ಟ್ ಬದ್ಕ್ಸುಕೆ ಆತ್ತಾ?" ಎಂದು ಕೇಳಿದರು. ಅರ್ಥಶಾಸ್ತ್ರ ಓದಿ, ಸರಕಾರಿ ಕಡತಗಳ ನಡುವೆ ಆಯುಷ್ಯ ಕಳೆದ ನಾನು ಉತ್ತರವನ್ನು ಹುಡುಕಿ ಓದಬೇಕಾಯಿತು.

ಅಸ್ಥಿಮಜ್ಜೆಯಲ್ಲಿ ಹುಟ್ಟುವ ಎಳೆಯ ರಕ್ತಕಣಗಳು ಹಂತಹಂತವಾಗಿ ಬಲಿತು, ತಮ್ಮ ಕೆಲಸ ಮುಗಿಸಿ ಸಾಯುತ್ತವೆ. ಈ ಕಾಯಿಲೆಯಲ್ಲಿ 15 ಮತ್ತು 17ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗುವುದರಿಂದ ಹುಟ್ಟುವ ವಿಕೃತ ಪ್ರೋಟೀನು, ಒಂದು ಬಗೆಯ ಬಿಳಿಕಣಗಳನ್ನು ಬಲಿಯಗೊಡದು. ಎಳೆಯ ಕಣಗಳು ಮಾತ್ರ ಹೆಚ್ಚುತ್ತಲೇ ಹೋಗುತ್ತವೆ. ರೂಢಿಯ ಕಿಮೊಥೆರಪಿ ಇವನ್ನು ಕೊಲ್ಲುವ ಮಾರ್ಗ. ಶಾಂಘೈನ ವೈದ್ಯ ವಾಂಗ್ ಝೆನ್‌ಯಿ ಇವನ್ನು ಬಲಿಯುವಂತೆ ಮಾಡುವ ಮಾರ್ಗ ಹಿಡಿದರು. ವಿಟಮಿನ್ 'ಎ' ಸಂಬಂಧಿಯಾದ ರೆಟಿನೋಯಿಕ್ ಆಮ್ಲದ ಗುಳಿಗೆಯಿಂದ 24 ರೋಗಿಗಳಲ್ಲಿ 23 ಮಂದಿಗೆ ಪೂರ್ಣ ಉಪಶಮನ ದೊರೆತುದನ್ನು ಅವರ ತಂಡ 1988ರಲ್ಲಿ ವರದಿ ಮಾಡಿತು.

ಪಾಷಾಣ, ಅಂದರೆ ಆರ್ಸೆನಿಕ್ ಟ್ರೈಆಕ್ಸೈಡ್, ಆ ವಿಕೃತ ಪ್ರೋಟೀನನ್ನೇ ನಾಶಪಡಿಸುತ್ತದೆ. ನಮ್ಮ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1998ರಿಂದ 2004ರವರೆಗೆ 72 ರೋಗಿಗಳಿಗೆ ಇದೊಂದನ್ನೇ ಮುಖ್ಯ ಔಷಧಿಯಾಗಿ ಕೊಟ್ಟಾಗ ಶೇ. 86 ಮಂದಿ ಉಪಶಮನ ಕಂಡರು. ದುಬಾರಿ ಚಿಕಿತ್ಸೆ ಭರಿಸಲಾಗದವರ ದೇಶಕ್ಕೆ ಇದು ಸಣ್ಣ ಸಂಗತಿಯಲ್ಲ. ಇಟಲಿ ಮತ್ತು ಜರ್ಮನಿಯ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಅಪಾಯವಿಲ್ಲದ ರೋಗಿಗಳಿಗೆ ಎರಡೂ ಔಷಧಿಗಳ ಜೋಡಿ ಕಿಮೊಥೆರಪಿ ಸೇರಿದ ಚಿಕಿತ್ಸೆಗಿಂತ ಕಡಿಮೆಯದಲ್ಲವೆಂದು ಸಿದ್ಧವಾಯಿತು. ಆದರೆ ಇದು ನಾಟಿಮದ್ದಲ್ಲ. ಶುದ್ಧೀಕರಿಸಿ, ಅಳೆದು, ಹೃದಯದ ಗತಿಯನ್ನು ಗಮನಿಸುತ್ತ ಆಸ್ಪತ್ರೆಯಲ್ಲಿ ಕೊಡಬೇಕಾದ ಔಷಧಿ.

ಹೀಗಿದ್ದೂ ರೋಗಿಗಳು ಸಾಯುವುದೇಕೆ? ಹೆಚ್ಚಿನವರನ್ನು ಕೊಲ್ಲುವುದು ಆರಂಭದ ದಿನಗಳ ರಕ್ತಸ್ರಾವ. ಆದ್ದರಿಂದಲೇ ಸಂಶಯ ಬಂದೊಡನೆ, ವಂಶವಾಹಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಗುಳಿಗೆ ಆರಂಭಿಸಬೇಕೆಂಬುದು ತಜ್ಞರ ನಿಯಮ. ಆಡಳಿತದಲ್ಲಿದ್ದಾಗ ಕೊರತೆಗೆಲ್ಲ ಹಣವೇ ಕಾರಣವೆಂದು ನಾವು ಬರೆಯುತ್ತಿದ್ದೆವು. ಇಲ್ಲಿ ಮೊದಲ ಕೊರತೆ ಸಮಯದ್ದು. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಕೆಲವು ದಿನಗಳಿಗಾಗುವಷ್ಟು ಗುಳಿಗೆ, ತಾಲೂಕಿನಲ್ಲಿ ರಕ್ತಲೇಪನವನ್ನು ಸೂಕ್ಷ್ಮದರ್ಶಕದಡಿ ನೋಡಬಲ್ಲವರು, ತಜ್ಞರಿಗೊಂದು ಫೋನು: ಇಷ್ಟಕ್ಕೆ ಬೃಹತ್ ಯೋಜನೆ ಬೇಕಿಲ್ಲ.

ನೆರೆಮನೆಯ ಹುಡುಗನಿಗೆ ದೊಡ್ಡಾಸ್ಪತ್ರೆಯವರು ಅದೇ ಸಂಜೆ ಗುಳಿಗೆ ಕೊಟ್ಟರು. ಈಗ ಆತ ಕಾಲೇಜಿಗೆ ಹೋಗುತ್ತಿದ್ದಾನೆ. ವ್ಯರ್ಥವಾದ ಆ ಒಂದು ವಾರ ಎಲ್ಲರಿಗೂ ಹೀಗೆ ಕ್ಷಮೆ ನೀಡುವುದಿಲ್ಲ.