ವಿಶ್ವವಿದ್ಯಾನಿಲಯದ ಮುದ್ರೆ

ಪದವಿಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದರಲ್ಲಿನ ಬರಹವನ್ನು ಪೂರ್ತಿ ಓದುವವರು ಕಡಮೆ. ಬಂದವರ ಕಣ್ಣು ಮೊದಲು ಹೋಗುವುದು ಮುದ್ರೆಯ ಕಡೆಗೆ. ಇದು ಇಂಥ ವಿಶ್ವವಿದ್ಯಾನಿಲಯದ್ದು ಎಂದು ಗುರುತು ಹಿಡಿದ ಮೇಲೆ ಹೆಸರು, ದರ್ಜೆ, ವರ್ಷ. ಇಷ್ಟು ದೊಡ್ಡ ಕೆಲಸ ಮಾಡುವ ಈ ಚಿಕ್ಕ ಚಿತ್ರ ಹೇಗೆ ಸಿದ್ಧವಾಗುತ್ತದೆ? ಅದನ್ನು ಬದಲಾಯಿಸುವ ಹಕ್ಕು ಯಾರದು? ವಿನ್ಯಾಸಕಲೆಯನ್ನು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಾರದು. ಅಂಥ ವಿದ್ಯಾರ್ಥಿನಿಯೊಬ್ಬಳು ಇದೇ ವಿಷಯವಾಗಿ ಒಂದು ಪ್ರದರ್ಶನವನ್ನು ಏರ್ಪಡಿಸಲು ಹೊರಟಿದ್ದಾಳೆಂದು ಇಟ್ಟುಕೊಳ್ಳೋಣ. ಅವಳು ಏನನ್ನು ತಿಳಿದುಕೊಳ್ಳಬೇಕು, ಏನನ್ನು ತೋರಿಸಬೇಕು ಎಂಬುದೇ ಇಂದಿನ ಮಾತು.

ಇದಕ್ಕೀಗ ಬ್ರಾಂಡಿಂಗ್ ಎಂಬ ಹೆಸರು ಬಳಕೆಯಲ್ಲಿದೆ. ಬ್ರಾಂಡ್ ಎಂಬ ಮಾತಿನ ಹುಟ್ಟು ಬೆಂಕಿಯಲ್ಲಿ. ಕಾಸಿದ ಕಬ್ಬಿಣದಿಂದ ದನಕ್ಕೆ ಹಾಕುವ ಬರೆಗೆ ಆ ಹೆಸರಿತ್ತು. ಮಂದೆಯಲ್ಲಿ ಬೆರೆತ ಹಸು ಯಾರದೆಂದು ತಿಳಿಯಲು ಹಾಕುತ್ತಿದ್ದ ಗುರುತು ಮುಂದೆ ಸಾಬೂನು, ಚಹದ ಪೊಟ್ಟಣಗಳ ಮೇಲೆ ಬಂದು, ಈಗ ವಿದ್ಯಾಸಂಸ್ಥೆಗಳ ಬಾಗಿಲನ್ನೂ ತಟ್ಟಿದೆ. ವಿದ್ಯೆಯೇನು ಅಂಗಡಿಯ ಸರಕೆ ಎಂದು ಕೇಳುವವರುಂಟು. ಕೇಳುವುದು ನ್ಯಾಯವೇ. ಆದರೆ ಮಾತು ಹೊಸದಾದರೂ ಕೆಲಸ ಹಳೆಯದು.

ಮೈಸೂರು ವಿಶ್ವವಿದ್ಯಾನಿಲಯವನ್ನೇ ನೋಡಿ. ಅದು ಸ್ಥಾಪನೆಯಾದದ್ದು 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅದರ ಮುದ್ರೆಯ ನಡುವೆ ಎರಡು ತಲೆಯ ಗಂಡಭೇರುಂಡ, ಇಕ್ಕೆಲಗಳಲ್ಲಿ ಸಿಂಹದ ಮೈ, ಆನೆಯ ಮುಖದ ಶರಭಗಳು, ಮೇಲೆ ಸಿಂಹ. ಜ್ಞಾನಕ್ಕೆ ಸಮನಾದುದು ಬೇರೊಂದಿಲ್ಲ ಎಂಬ ಅರ್ಥದ ಸಂಸ್ಕೃತ ವಾಕ್ಯ ಅದರ ಧ್ಯೇಯ. ಹಕ್ಕಿಯೂ ಶರಭಗಳೂ ಮೈಸೂರು ಅರಸರ ಲಾಂಛನದಿಂದ ಬಂದವು. ಆದರೆ ಗಂಡಭೇರುಂಡ ಅರಮನೆಯಲ್ಲಿ ಹುಟ್ಟಿದ್ದಲ್ಲ. ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೆ ಅದು ಇದೆ. ಅದಕ್ಕೂ ಹಿಂದೆ ಹೋದರೆ, ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಸ್ತಂಭಕ್ಕೆ ಸೇರಿದ ಭೇರುಂಡ ಸಿಗುತ್ತದೆ. ಅದಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಇಂದು ಅದೇ ಹಕ್ಕಿ ಕರ್ನಾಟಕ ಸರ್ಕಾರದ ಲಾಂಛನದಲ್ಲಿಯೂ ಇದೆ, ಸರ್ಕಾರಿ ಬಸ್ಸಿನ ಮೈಮೇಲೂ ಇದೆ. ಒಂದೇ ಗುರುತು ಇಷ್ಟು ಕಡೆ ಇದ್ದರೆ ಗೊಂದಲವಾಗುವುದಿಲ್ಲವೆ? ಆಗಬಹುದು. ಅಂಗಡಿಯ ಲೆಕ್ಕದಲ್ಲಿ ಅದು ದೋಷ. ನಾಡಿನ ಲೆಕ್ಕದಲ್ಲಿ ಅದು ನೆಂಟಸ್ತಿಕೆ. ವಿಶ್ವವಿದ್ಯಾನಿಲಯದ ಮುದ್ರೆಯ ವಿಚಾರದಲ್ಲಿ ಈ ಎರಡು ಲೆಕ್ಕಗಳೂ ಕೂಡಿಯೇ ಬರುತ್ತವೆ. ಹಾಗಾಗಿ ಅದು ಸಾಬೂನಿನ ಗುರುತಿಗಿಂತ ಕಷ್ಟದ ಕೆಲಸ.

ಚಿತ್ರ ಮಾತ್ರವೇ ಗುರುತಲ್ಲ, ಹೆಸರೂ ಗುರುತೇ. ಕುವೆಂಪು ಅವರು ಮೈಸೂರಿನಲ್ಲಿ ಉಪಕುಲಪತಿಗಳಾಗಿದ್ದರು. ಈಗಿನ ಮಾತಿನಲ್ಲಿ ಹೇಳುವುದಾದರೆ ಕುಲಪತಿಗಳು. ಆಗ ಅವರು ಸ್ನಾತಕೋತ್ತರ ವಿಭಾಗಗಳ ಆವರಣಕ್ಕೆ 'ಮಾನಸಗಂಗೋತ್ರಿ' ಎಂದು ಹೆಸರಿಟ್ಟರು. ಆ ಹೆಸರಿನ ಸೊಗಸು ಎಷ್ಟರಮಟ್ಟಿಗೆ ಹಿಡಿಯಿತೆಂದರೆ, ಮುಂದೆ ಹಾಸನಕ್ಕೆ ಹೇಮಗಂಗೋತ್ರಿ ಬಂತು, ಮಂಗಳೂರಿಗೆ ಮಂಗಳಗಂಗೋತ್ರಿ ಬಂತು. ಬೆಂಗಳೂರಿನ ಜ್ಞಾನಭಾರತಿ, ಕಲಬುರಗಿಯ ಜ್ಞಾನಗಂಗಾ, ಶಂಕರಘಟ್ಟದ ಜ್ಞಾನಸಹ್ಯಾದ್ರಿ ಎಂದು ಮಾತಿನ ಒಂದು ಸಾಲೇ ಬೆಳೆಯಿತು. ಇದಕ್ಕೆ ಯಾವ ಜಾಹೀರಾತು ಸಂಸ್ಥೆಯೂ ಬೇಕಾಗಲಿಲ್ಲ. ನನ್ನನ್ನು ಕೇಳಿದರೆ, ಕನ್ನಡನಾಡಿನ ವಿಶ್ವವಿದ್ಯಾನಿಲಯಗಳಿಗೆ ದೊರೆತ ಅತ್ಯುತ್ತಮ ಬ್ರಾಂಡಿಂಗ್ ಇದೇ.

ಇನ್ನು ಅಕ್ಷರದ ಮಾತು. ನಮ್ಮ ವಿದ್ಯಾರ್ಥಿನಿ ಕಾಗದ ಪೆನ್ಸಿಲು ಹಿಡಿದು ಕುಳಿತಾಗಲೇ ಇದರ ಕಷ್ಟ ತಿಳಿಯುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ಎರಡು ಗೆರೆಗಳ ನಡುವೆ ಸಿಪಾಯಿಗಳಂತೆ ಸಾಲಾಗಿ ನಿಲ್ಲುತ್ತವೆ, ವೃತ್ತದ ಅಂಚಿಗೆ ಬಗ್ಗಿಸಿದರೂ ಬಗ್ಗುತ್ತವೆ. 'ವಿಶ್ವವಿದ್ಯಾನಿಲಯ' ಎಂದು ಕನ್ನಡದಲ್ಲಿ ಬರೆದು ನೋಡಿ. ಗುಡಿಸು ಮೇಲಕ್ಕೆ ಏರುತ್ತದೆ, ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಏಳು ಅಕ್ಷರಗಳಲ್ಲಿ ಎರಡಕ್ಕೆ ಒತ್ತು. ವೃತ್ತದ ಕೆಳಭಾಗದಲ್ಲಿ ಬಗ್ಗಿಸಿದರೆ ವತ್ತೂ ಯತ್ತೂ ಅಂಚಿಗೆ ತಾಗುತ್ತವೆ. ಅಂಚಿಗೆ ತಾಗದಿರಲೆಂದು ಅಕ್ಷರವನ್ನೇ ಕುಗ್ಗಿಸಿದರೆ ಓದಲಾಗದು. ಇಂಗ್ಲಿಷಿಗೆಂದು ಎಳೆದ ಬಳೆಯೊಳಗೆ ಕನ್ನಡವನ್ನು ತುರುಕಿದ ಮುದ್ರೆಗಳಲ್ಲಿ ಈ ಪಾಡನ್ನು ಕಾಣಬಹುದು. ಮೊದಲು ಕನ್ನಡಕ್ಕೆ ಸ್ಥಳ ಅಳೆದು, ಆಮೇಲೆ ಬಳೆಯನ್ನು ಎಳೆಯಬೇಕು. ಹಾಗೆ ಮಾಡಿದರೆ ಇಂಗ್ಲಿಷಿಗೆ ಏನೂ ತೊಂದರೆಯಾಗುವುದಿಲ್ಲ.

ಗಾತ್ರದ ಪರೀಕ್ಷೆ ಇನ್ನೊಂದು. ಹೆಬ್ಬಾಗಿಲ ಕಮಾನಿನ ಮೇಲೆ ಮೂರು ಅಡಿಯಿದ್ದ ಮುದ್ರೆಯೇ ಗುಮಾಸ್ತರ ರಬ್ಬರ್ ಮೊಹರಿನಲ್ಲಿ ಬೆರಳುಗುರಿನಷ್ಟಾಗುತ್ತದೆ. ಕೈಯಲ್ಲಿನ ಮೊಬೈಲಿನ ಪರದೆಯಲ್ಲಿ ಸಾಸಿವೆಯಷ್ಟಾಗುತ್ತದೆ. ಶರಭದ ಕೇಸರದ ಒಂದೊಂದು ಎಳೆಯನ್ನೂ ಬಿಡಿಸಿದ ಚಿತ್ರ ಅಲ್ಲಿ ಮಸಿಯ ಮುದ್ದೆ. ಆದುದರಿಂದ ಅನೇಕ ಸಂಸ್ಥೆಗಳು ಘಟಿಕೋತ್ಸವಕ್ಕೆ, ಪದವಿಪತ್ರಕ್ಕೆ ಹಳೆಯ ಮುದ್ರೆಯನ್ನೇ ಇಟ್ಟುಕೊಂಡು, ದಿನನಿತ್ಯದ ಬಳಕೆಗೆ ಸರಳವಾದ ಗುರುತೊಂದನ್ನು ಬರೆಸುತ್ತವೆ. ಉಪಾಯವೇನೋ ಸರಿ. ಅದನ್ನು ಜನಕ್ಕೆ ಹೇಳುವುದರಲ್ಲಿ ಎಡವಟ್ಟಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಹೀಗೇ ಆಯಿತು. 1868ರಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ ಹತ್ತು ಆವರಣಗಳಿವೆ. ತೆರೆದ ಪುಸ್ತಕ, ನಕ್ಷತ್ರ, ಬೆಳಕಿನ ಕಿರಣಗಳಿರುವುದು ಅದರ ಹಳೆಯ ಮುದ್ರೆ. 2012ರಲ್ಲಿ ಪ್ರಚಾರದ ಬಳಕೆಗೆಂದು ಯು ಆಕಾರದ ನೀಲಿ ಪಟ್ಟಿಯೊಳಗೆ ಸಿ ಅಕ್ಷರ ಕರಗಿದಂತೆ ಕಾಣುವ ಹೊಸ ಗುರುತು ಬಂತು. ಪದವಿಪತ್ರದಲ್ಲಿ ಹಳೆಯದೇ ಇರುತ್ತದೆಂದು ಸಂಸ್ಥೆ ಹೇಳಿತು, ಕೇಳುವವರಿರಲಿಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟ ಚಿತ್ರ ಎಲ್ಲೆಲ್ಲೂ ಹರಡಿತು. ಇದು ಗಣಕಯಂತ್ರ ಕಾಯಿಸುವಾಗ ಪರದೆಯ ಮೇಲೆ ಸುತ್ತುವ ಚಕ್ರದಂತಿದೆ ಎಂದು ಜನ ನಕ್ಕರು. ವಿರೋಧದ ಮನವಿಗೆ 50,000ಕ್ಕೂ ಹೆಚ್ಚು ಸಹಿ ಬಿದ್ದವು. ಡಿಸೆಂಬರ್ 14ರಂದು ಸಂಸ್ಥೆ ಆ ಗುರುತಿನ ಬಳಕೆಯನ್ನು ನಿಲ್ಲಿಸುವುದಾಗಿ ತಿಳಿಸಿತು. ಗುರುತು ಅಷ್ಟೇನೂ ಕೆಟ್ಟದಾಗಿರಲಿಲ್ಲ ಎಂದು ನನಗನ್ನಿಸುತ್ತದೆ. ಆದರೆ ಓದಿ ಹೋದವರು ತಮ್ಮದೆಂದು ಇಟ್ಟುಕೊಂಡಿದ್ದ ವಸ್ತುವನ್ನು ಅವರನ್ನು ಕೇಳದೆ ತೆಗೆದಿರಿಸಿದಂತೆ ಕಂಡಿತು. ಕಂಡದ್ದೇ ಸಾಕಾಯಿತು.

ನಮ್ಮ ದೇಶದಲ್ಲಿಯೂ ಉದಾಹರಣೆ ಇದೆ. ಅಹಮದಾಬಾದಿನ ಭಾರತೀಯ ವ್ಯವಸ್ಥಾಪನ ಸಂಸ್ಥೆ 1961ರಲ್ಲಿ ಆರಂಭವಾಯಿತು. ಆ ಊರಿನ ಸೀದಿ ಸೈಯದ್ ಮಸೀದಿಯ ಕಲ್ಲಿನ ಜಾಲಂಧ್ರದಲ್ಲಿ ಮರವೊಂದರ ಕೊಂಬೆಗಳು ಹೆಣೆದುಕೊಂಡಿವೆ, ಮಸೀದಿ 1572-73ರದು. ಸಂಸ್ಥೆಯ ಗುರುತು ಆ ಜಾಲಂಧ್ರದಿಂದ ಬಂದದ್ದು. ಜೊತೆಗೆ ವಿದ್ಯೆಯ ವಿನಿಯೋಗದಿಂದ ವಿಕಾಸ ಎಂಬರ್ಥದ ಸಂಸ್ಕೃತ ಧ್ಯೇಯವಾಕ್ಯ. ಗುಜರಾತಿನ ಕಲ್ಲುಕುಟಿಗನ ಉಳಿ, ಪಂಡಿತರ ನುಡಿ ಎರಡೂ ಒಂದೇ ಗುರುತಿನಲ್ಲಿ ಸೇರಿದ್ದು ಎಷ್ಟು ಚೆನ್ನ! 2022ರ ಮಾರ್ಚ್‌ನಲ್ಲಿ ಗುರುತನ್ನು ಬದಲಾಯಿಸುವ ಯೋಚನೆ ಹೊರಬಿದ್ದಾಗ ಅಲ್ಲಿನ ಅಧ್ಯಾಪಕರು 40ಕ್ಕೂ ಹೆಚ್ಚು ಮಂದಿ ಆಡಳಿತ ಮಂಡಲಿಗೆ ಪತ್ರ ಬರೆದರು. ತಮ್ಮನ್ನು ಕೇಳದೆ ಹೀಗೆ ಮಾಡಬಹುದೆ ಎಂಬುದು ಅವರ ಮುಖ್ಯ ಆಕ್ಷೇಪಣೆ. ಮುಂದೆ ಬಂದ ಹೊಸ ರೂಪದಲ್ಲಿ ಜಾಲಂಧ್ರದ ನೆನಪೂ ಸಂಸ್ಕೃತ ವಾಕ್ಯವೂ ಉಳಿದಿವೆ.

ಎರಡು ಪ್ರಸಂಗಗಳಲ್ಲಿಯೂ ಚಿತ್ರಕ್ಕಿಂತ ಹೆಚ್ಚಾಗಿ ನಂಬಿಕೆ ಪಣಕ್ಕೆ ಬಿದ್ದಿತ್ತು. ಇಲ್ಲಿ ನಮ್ಮ ವಿದ್ಯಾರ್ಥಿನಿಯ ಪ್ರದರ್ಶನಕ್ಕೆ ಅರ್ಥ ಬರುತ್ತದೆ. ಮುದ್ರೆಯನ್ನು ನಿರ್ಧರಿಸಿದ ಮೇಲೆ ಉದ್ಘಾಟನೆಯ ಅಲಂಕಾರಕ್ಕಾಗಿ ಮಾಡುವ ಪ್ರದರ್ಶನದಿಂದ ಪ್ರಯೋಜನವಿಲ್ಲ. ನಿರ್ಧರಿಸುವ ಮೊದಲು ಕರಡುಗಳನ್ನು ಎಲ್ಲರ ಮುಂದೆ ಇಟ್ಟರೆ ಅದೊಂದು ಪಂಚಾಯಿತಿಯ ಕಟ್ಟೆಯಾಗುತ್ತದೆ.

ಪ್ರದರ್ಶನವನ್ನು ಕಟ್ಟುವ ವಿದ್ಯೆಗೂ ಅಹಮದಾಬಾದಿನಲ್ಲಿ ಒಳ್ಳೆಯ ಮೇಲ್ಪಂಕ್ತಿ ಇದೆ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರಕ್ಕೆ 1958ರಲ್ಲಿ ಒಪ್ಪಿಸಿದ ವರದಿಯ ಫಲವಾಗಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಅಲ್ಲಿ ಸ್ಥಾಪನೆಯಾಯಿತು. ಅದರ ಗುರುತನ್ನು ಬರೆದವನು ಸ್ವಿಟ್ಜರ್ಲೆಂಡಿನ ಅಕ್ಷರಶಿಲ್ಪಿ ಆಡ್ರಿಯನ್ ಫ್ರೂಟಿಗರ್. 1964ರಲ್ಲಿ ನೆಹರೂ ತೀರಿಕೊಂಡ ಮೇಲೆ ಈಮ್ಸ್ ದಂಪತಿಗಳೂ ಆ ಸಂಸ್ಥೆಯವರೂ ಕೂಡಿ ನೆಹರೂ ಅವರ ಜೀವನವನ್ನೂ ಭಾರತವನ್ನೂ ಕುರಿತ ಪ್ರದರ್ಶನವನ್ನು ಸಿದ್ಧಪಡಿಸಿ 1965ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದರು. ಅಲ್ಲಿ ದುಡಿದ ಎಳೆಯರಿಗೆ ಅದೇ ಪಾಠಶಾಲೆಯಾಯಿತು.

ನಮ್ಮವಳ ಕೆಲಸ ಅಷ್ಟು ದೊಡ್ಡದಲ್ಲ. ಒಂದು ಕೊಠಡಿ ಸಾಕು. ಮೊದಲು ಕೊಠಡಿಯನ್ನು ಅಳೆದು, ಇಪ್ಪತ್ತರಲ್ಲಿ ಒಂದರ ಪ್ರಮಾಣದಲ್ಲಿ ರಟ್ಟಿನ ಮಾದರಿ ಮಾಡಲಿ. ಕಂಬ ಎಲ್ಲಿದೆ, ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಚಿತ್ರಗಳ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬಂದರೆ ನಿಂತವರ ಕಣ್ಣಿಗೆ ಸರಿಹೋಗುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ದಾರಿಯನ್ನು ಎಲ್ಲಿಯೂ 90 ಸೆಂಟಿಮೀಟರಿಗಿಂತ ಕಿರಿದು ಮಾಡಬಾರದು. ವಿವರಣೆಯ ಚೀಟಿಗಳನ್ನು ಬರೆಯುವುದೇ ನಿಜವಾದ ಕಷ್ಟ: ಐವತ್ತು ಅರವತ್ತು ಪದ ಮೀರಿದರೆ ಯಾರೂ ಓದುವುದಿಲ್ಲ. ಬರೆದುದನ್ನು ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಕನ್ನಡಕ ಹಾಕುವ ಹಿರಿಯರೊಬ್ಬರಿಂದ ಓದಿಸಿ ನೋಡುವುದು ಒಳ್ಳೆಯದು.

ಮುದ್ರೆಯನ್ನು ಬರಿಯ ಚಿತ್ರವಾಗಿ ತೂಗುಹಾಕಿದರೆ ಸಾಲದು. ಲಕೋಟೆ, ಉತ್ತರಪತ್ರಿಕೆ, ಗ್ರಂಥಾಲಯದ ಮೊಹರು ಬಿದ್ದ ಪುಸ್ತಕ, ಘಟಿಕೋತ್ಸವದ ಗೌನು, ಹಳೆಯ ಪದವಿಪತ್ರ ಇವುಗಳನ್ನು ಮೇಜಿನ ಮೇಲೆ ಇಡಬೇಕು. ಅವುಗಳ ಪಕ್ಕದಲ್ಲಿಯೇ ಹೊಸ ಕರಡನ್ನು ಅದೇ ಅಳತೆಯಲ್ಲಿ ಅಚ್ಚು ಹಾಕಿಸಿ ಇಟ್ಟರೆ, ಎಲ್ಲಿ ಹಳೆಯದು ಉಳಿಯುತ್ತದೆ, ಎಲ್ಲಿ ಹೊಸದು ಬರುತ್ತದೆ ಎಂಬುದು ನೋಡಿದವರಿಗೆ ತಾನೇ ತಿಳಿಯುತ್ತದೆ. ಸಿಂಡಿಕೇಟ್ ಸಭೆಗೆ ಎರಡು ವಾರವಾದರೂ ಮುಂಚೆ ಪ್ರದರ್ಶನ ತೆರೆಯಬೇಕು. ಹಳೆಯ ವಿದ್ಯಾರ್ಥಿಗಳು ಬರಲು ಒಂದು ಭಾನುವಾರವೂ ಸೇರಿರಬೇಕು. ಬಾಗಿಲ ಬಳಿ ಅಭಿಪ್ರಾಯದ ಪುಸ್ತಕವಿರಲಿ. ಅದರ ಪೆನ್ನನ್ನು ಮಾತ್ರ ದಾರದಿಂದ ಕಟ್ಟಿಯೇ ಇಡಬೇಕು.