990 ಕೆ.ಜಿ.ಯ ಪಾಠ: ಕಾರು ದಪ್ಪಗಾಗೋದು ಯಾರ ತೀರ್ಮಾನ?

ಹೊಸ ಕಾರು ಬಿಡುಗಡೆಯಾದಾಗಲೆಲ್ಲ ಒಂದೇ ಪಲ್ಲವಿ ಕೇಳ್ತೀವಿ. ಹಳೆಯದಕ್ಕಿಂತ ಉದ್ದ, ಅಗಲ, ಎತ್ತರ, ಪವರ್ ಎಲ್ಲವೂ ಹೆಚ್ಚು. ತೂಕ ಎಷ್ಟು ಅಂತ ಮಾತ್ರ ಕಂಪನಿ ಹೇಳಲ್ಲ, ನಾವೂ ಕೇಳಲ್ಲ. 1983ರಲ್ಲಿ ಬಂದ ಮಾರುತಿ 800ರ ತೂಕ ಸುಮಾರು 650 ಕೆ.ಜಿ. ಇತ್ತು. ಇವತ್ತು ನಮ್ಮ ಶೋರೂಮುಗಳಲ್ಲಿ ನಿಂತಿರುವ ಎಲೆಕ್ಟ್ರಿಕ್ ಎಸ್‌ಯುವಿಗಳಲ್ಲಿ ಎರಡು ಟನ್ ದಾಟಿದವೂ ಇವೆ. ಒಳಗೆ ಕೂರುವ ಮನುಷ್ಯ ಮಾತ್ರ ಅಂದಿನಷ್ಟೇ ಇದ್ದಾನೆ.

ಯಾಕೆ ಹೀಗೆ ಅಂತ ಕೇಳಿದರೆ ಸಿಗುವ ಸಿದ್ಧ ಉತ್ತರ: 'ಸುರಕ್ಷತೆ ಬೇಕು ಅಂದ್ರೆ ತೂಕ ಅನಿವಾರ್ಯ.' ಇದು ಅರ್ಧ ಸತ್ಯ. ಉಳಿದರ್ಧ ಏನು ಅಂತ ತಿಳಿಯಬೇಕಾದರೆ ಒಂದೇ ಕಂಪನಿ, ಒಂದೇ ಉದ್ದೇಶಕ್ಕೆ, ಒಂದೇ ವಿನ್ಯಾಸದಲ್ಲಿ ದಶಕಗಳ ಕಾಲ ಮಾಡಿಕೊಂಡು ಬಂದ ಕಾರೊಂದನ್ನು ನೋಡಬೇಕು. ಅಂಥದ್ದೊಂದು ಇದೆ. ಜಪಾನಿನ ಹಿರೋಷಿಮಾದಲ್ಲಿ ತಯಾರಾಗುವ ಮಾಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಅದಕ್ಕೆ ಮಿಯಾಟಾ ಅಂತ ಹೆಸರು, ಜಪಾನಿನಲ್ಲಿ ರೋಡ್‌ಸ್ಟರ್. ಎರಡೇ ಸೀಟು, ಮಡಚುವ ಟಾಪು, ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ.

ನಮ್ಮ ದೇಶದಲ್ಲಿ ಈ ಕಾರು ಮಾರಾಟಕ್ಕಿಲ್ಲ. ಇದು ಉಳ್ಳವರ ಆಟಿಕೆ ಅನ್ನೋದೂ ನಿಜವೇ. ಆದರೆ ಕಾರಿನ ತೂಕವನ್ನು ಯಾರು, ಯಾವ ಒತ್ತಡದಲ್ಲಿ ನಿರ್ಧರಿಸ್ತಾರೆ ಅನ್ನೋದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ.

ಸತ್ತುಹೋಗಿದ್ದ ಜಾತಿಯ ಕಾರು

ಎರಡು ಸೀಟಿನ ಹಗುರ ಸ್ಪೋರ್ಟ್ಸ್ ಕಾರು ಮೂಲತಃ ಬ್ರಿಟನ್ನಿನ ಬೆಳೆ. ಎಂಜಿ, ಟ್ರಯಂಫ್, ಲೋಟಸ್ ಅದರ ದೊಡ್ಡ ಹೆಸರುಗಳು. 1962ರಲ್ಲಿ ಬಂದ ಲೋಟಸ್ ಎಲಾನ್ ಸುಮಾರು 700 ಕೆ.ಜಿ. ಇತ್ತು. ಲೋಟಸ್ ಸ್ಥಾಪಕ ಕಾಲಿನ್ ಚಾಪ್‌ಮನ್ ನಂಬಿದ್ದ ಲೆಕ್ಕ ಸರಳ: ಪವರ್ ಹೆಚ್ಚಿಸಿದರೆ ನೇರ ರಸ್ತೆಯಲ್ಲಿ ಮಾತ್ರ ಲಾಭ, ತೂಕ ಇಳಿಸಿದರೆ ತಿರುವಿನಲ್ಲಿ, ಬ್ರೇಕ್ ಹಾಕುವಾಗ, ಎಲ್ಲ ಕಡೆಯೂ ಲಾಭ.

ಅದೇ ವರ್ಷ ಬಂದ ಎಂಜಿಬಿ ಐದು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದರ ಬಹುಪಾಲು ಗಿರಾಕಿಗಳಿದ್ದದ್ದು ಅಮೆರಿಕದಲ್ಲಿ. ಎಪ್ಪತ್ತರ ದಶಕದಲ್ಲಿ ಅಲ್ಲಿನ ಬಂಪರ್ ಮತ್ತು ಹೊಗೆ ನಿಯಮಗಳು ಬಿಗಿಯಾದವು. ಹೊಸ ಕಾರು ವಿನ್ಯಾಸ ಮಾಡಲು ದುಡ್ಡಿಲ್ಲದ ಬ್ರಿಟಿಷ್ ಕಂಪನಿ ಹಳೆಯ ಕಾರಿಗೇ ದಪ್ಪ ರಬ್ಬರ್ ಬಂಪರ್ ಅಂಟಿಸಿತು, ನಿಗದಿತ ಎತ್ತರಕ್ಕೆ ತರಲು ಇಡೀ ಕಾರನ್ನೇ ಮೇಲಕ್ಕೆತ್ತಿತು. ಕಾರು ತಿರುವಿನಲ್ಲಿ ವಾಲತೊಡಗಿತು, ಎಂಜಿನ್ ಸೊರಗಿತು. 1980ರಲ್ಲಿ ಎಂಜಿಯ ಆಬಿಂಗ್ಡನ್ ಕಾರ್ಖಾನೆಗೆ ಬೀಗ ಬಿತ್ತು.

ನಿಯಮ ಬಂದದ್ದರಿಂದಲೇ ಆ ಕಾರು ಸತ್ತಿತು ಅಂತ ಹೇಳೋರಿದ್ದಾರೆ. ನಿಯಮಕ್ಕೆ ತಕ್ಕಂತೆ ಹೊಸದಾಗಿ ಯೋಚಿಸದೆ ತೇಪೆ ಹಾಕಿದ್ದರಿಂದ ಸತ್ತಿತು ಅನ್ನೋದು ಹೆಚ್ಚು ಸರಿ. ಇದಕ್ಕೆ ಸಾಕ್ಷಿ ಒಂಬತ್ತೇ ವರ್ಷಗಳಲ್ಲಿ ಸಿಕ್ಕಿತು.

ಪತ್ರಕರ್ತನ ಸಲಹೆ, ಹಿರೋಷಿಮಾದ ಕಾರು

1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಕಾರು ಪತ್ರಕರ್ತ, ಮಾಜ್ದಾದ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಕೆನಿಚಿ ಯಮಾಮೊಟೊ ಅವರಿಗೆ ಒಂದು ಮಾತು ಹೇಳಿದ: ಹಳೆಯ ಬ್ರಿಟಿಷ್ ರೋಡ್‌ಸ್ಟರ್‌ಗಳಂಥ ಅಗ್ಗದ, ಸರಳ ಕಾರನ್ನು ಈಗ ಯಾರೂ ಮಾಡ್ತಿಲ್ಲ, ನೀವು ಮಾಡಿ. ಎರಡು ವರ್ಷದ ನಂತರ ಹಾಲ್ ಮಾಜ್ದಾದಲ್ಲೇ ಕೆಲಸಕ್ಕೆ ಸೇರಿದ. ಯಮಾಮೊಟೊ 1984ರಲ್ಲಿ ಕಂಪನಿಯ ಅಧ್ಯಕ್ಷರಾದರು.

ಕಂಪನಿಯೊಳಗೆ ಎರಡು ತಂಡಗಳ ಪೈಪೋಟಿ ನಡೆಯಿತು. ಟೋಕಿಯೊದವರು ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಕಾರು, ನಡುವೆ ಎಂಜಿನ್ ಇಡುವ ಕಾರು ಅಂತ ಎರಡು ಪ್ರಸ್ತಾಪ ಇಟ್ಟರು. ಕ್ಯಾಲಿಫೋರ್ನಿಯಾದ ತಂಡ ಎಂಜಿನ್ ಮುಂದೆ, ಶಕ್ತಿ ಹಿಂದೆ ಎಂಬ ಹಳೆಯ ವಿನ್ಯಾಸಕ್ಕೇ ಪಟ್ಟು ಹಿಡಿದು ಗೆದ್ದಿತು. ಬ್ರಿಟನ್ನಿನಲ್ಲಿ ಕಟ್ಟಿಸಿದ ಮಾದರಿ ಕಾರನ್ನು 1985ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾ ಊರಿನಲ್ಲಿ ಓಡಿಸಿದಾಗ, ಜನ ಹಿಂದೆ ಬಂದು ಇದೇನು, ಎಲ್ಲಿ ಸಿಗುತ್ತೆ ಅಂತ ವಿಚಾರಿಸಿದರು.

ಮುಖ್ಯ ಎಂಜಿನಿಯರ್ ತೊಶಿಹಿಕೊ ಹಿರಾಯ್ ಇಡೀ ಯೋಜನೆಗೆ ಒಂದು ಜಪಾನಿ ನುಡಿಗಟ್ಟನ್ನು ಸೂತ್ರ ಮಾಡಿಕೊಂಡರು: 'ಜಿನ್ಬಾ ಇತ್ತಾಯ್', ಅಂದರೆ ಕುದುರೆ ಮತ್ತು ಸವಾರ ಒಂದಾಗುವುದು. ಇದು ಜಾಹೀರಾತಿನ ಸಾಲಾಗಿ ಮಾತ್ರ ಉಳಿಯಲಿಲ್ಲ. ಬಾನೆಟ್ ಅಲ್ಯೂಮಿನಿಯಂನದ್ದಾಯಿತು. ಗೇರ್‌ಬಾಕ್ಸ್ ಮತ್ತು ಹಿಂದಿನ ಡಿಫರೆನ್ಷಿಯಲ್ಲನ್ನು ಒಂದೇ ಅಲ್ಯೂಮಿನಿಯಂ ಚೌಕಟ್ಟಿನಿಂದ ಜೋಡಿಸಲಾಯಿತು. ಹೀಗಾಗಿ ಆಕ್ಸಿಲರೇಟರ್ ಒತ್ತಿದ ಕ್ಷಣಕ್ಕೇ ಹಿಂದಿನ ಚಕ್ರ ಸ್ಪಂದಿಸುತ್ತಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಭಾರ ಹೆಚ್ಚುಕಮ್ಮಿ ಸಮನಾಗಿ ಬೀಳುವಂತೆ ಎಂಜಿನ್ನನ್ನು ಹಿಂದಕ್ಕೆ ಸರಿಸಿ ಕೂರಿಸಿದರು.

1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೊ ಶೋನಲ್ಲಿ ಕಾರು ಹೊರಬಂತು. 1.6 ಲೀಟರ್ ಎಂಜಿನ್, ಜಪಾನಿನ ಮಾದರಿಯ ತೂಕ 940 ಕೆ.ಜಿ., ಅಮೆರಿಕದಲ್ಲಿ ಬೆಲೆ 13,800 ಡಾಲರ್. ಎಂಜಿಯನ್ನು ಮುಗಿಸಿದ ಅದೇ ಅಮೆರಿಕದ ನಿಯಮಗಳನ್ನು ಪಾಲಿಸಿ, ಅದೇ ಮಾರುಕಟ್ಟೆಯಲ್ಲಿ ಇದು ಗೆದ್ದಿತು.

ದಪ್ಪಗಾದ ವರ್ಷಗಳು

ಇಲ್ಲಿಂದ ಕತೆ ಕುತೂಹಲಕರವಾಗುತ್ತದೆ. 1998ರಲ್ಲಿ ಎರಡನೇ ತಲೆಮಾರು ಮಾರುಕಟ್ಟೆಗೆ ಬಂತು. ಕಣ್ಣು ತೆರೆದಂತೆ ಮೇಲೇಳುತ್ತಿದ್ದ ಹೆಡ್‌ಲೈಟು ಹೋಯಿತು, ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಾಗಕ್ಕೆ ಗಾಜು ಬಂತು. ತೂಕ ಒಂದು ಟನ್ನಿನ ಗೆರೆ ಮುಟ್ಟಿತು. 2005ರ ಮೂರನೇ ತಲೆಮಾರಿನಲ್ಲಿ ಸೈಡ್ ಏರ್‌ಬ್ಯಾಗ್, ದೊಡ್ಡ ಎಂಜಿನ್, ದೊಡ್ಡ ಚಕ್ರ. ತೂಕ ಸುಮಾರು 1,100 ಕೆ.ಜಿ.

ಇದನ್ನು ಎಂಜಿನಿಯರುಗಳು ತೂಕದ ಸುರುಳಿ ಅಂತಾರೆ. ಬಾಡಿ ಸ್ವಲ್ಪ ಭಾರವಾಯಿತು ಅನ್ನಿ. ಅದನ್ನು ಎಳೆಯಲು ದೊಡ್ಡ ಎಂಜಿನ್ ಬೇಕು. ನಿಲ್ಲಿಸಲು ದೊಡ್ಡ ಬ್ರೇಕ್ ಬೇಕು. ಆ ಬ್ರೇಕ್ ಹಿಡಿಸಲು ದೊಡ್ಡ ಚಕ್ರ, ಚಕ್ರದ ಏಟು ತಡೆಯಲು ಗಟ್ಟಿ ಸಸ್ಪೆನ್ಷನ್, ಅದನ್ನು ಹೊರಲು ಮತ್ತೆ ಭಾರದ ಬಾಡಿ. ಪ್ರತಿ ಹಂತದಲ್ಲೂ ತೀರ್ಮಾನ ಸಕಾರಣವಾಗಿಯೇ ಇರುತ್ತದೆ, ಕೊನೆಯ ಮೊತ್ತ ಮಾತ್ರ ಯಾರಿಗೂ ಬೇಡವಾದದ್ದು.

ಮೂರನೇ ತಲೆಮಾರಿನ ಎಂಜಿನಿಯರುಗಳು ಸುಮ್ಮನೆ ಕೂತಿರಲಿಲ್ಲ. ಗ್ರಾಂ ಗ್ರಾಂ ಲೆಕ್ಕ ಹಾಕಿದರು. ಒಳಗಿನ ಕನ್ನಡಿಯ ವಿನ್ಯಾಸ ಬದಲಿಸಿ 84 ಗ್ರಾಂ ಉಳಿಸಿದರು. ಆದರೆ ಕಾರಿನ ಮೂಲ ವಿನ್ಯಾಸವನ್ನು ಮಾಜ್ದಾದ್ದೇ ದೊಡ್ಡ ಕಾರಾದ ಆರ್‌ಎಕ್ಸ್-8ರ ಜೊತೆ ಹಂಚಿಕೊಳ್ಳಬೇಕಿತ್ತು. ಆಗ ಮಾಜ್ದಾದಲ್ಲಿ ಫೋರ್ಡ್ ಕಂಪನಿಯ ಪಾಲು ಶೇ 33.4. ಒಂದು ಕಾರಿನ ಭಾಗ ಇನ್ನೊಂದಕ್ಕೂ ಹೊಂದಬೇಕು ಅನ್ನೋದು ಇಡೀ ಉದ್ಯಮದ ಲೆಕ್ಕಾಚಾರವಾಗಿದ್ದ ಕಾಲ ಅದು. ಮೇಲೆ ದೊಡ್ಡ ತೀರ್ಮಾನ ಆಗಿಹೋದ ಮೇಲೆ ಕೆಳಗೆ ಕನ್ನಡಿಯಲ್ಲಿ ಉಳಿತಾಯ ಮಾಡಿದರೆ ಎಷ್ಟು ಉಳಿದೀತು?

ಸುರುಳಿ ಹಿಂದಕ್ಕೂ ತಿರುಗುತ್ತೆ

2008ರ ಆರ್ಥಿಕ ಕುಸಿತದಲ್ಲಿ ಫೋರ್ಡ್ ತನ್ನ ಪಾಲಿನ ದೊಡ್ಡ ಭಾಗ ಮಾರಿತು. ಒಂಟಿಯಾದ ಮಾಜ್ದಾ ಎಂಜಿನ್, ಗೇರ್‌ಬಾಕ್ಸ್, ಬಾಡಿ ಎಲ್ಲವನ್ನೂ ಹೊಸದಾಗಿ ಬರೆಯಲು ಕೂತಿತು. ನೊಬುಹಿರೊ ಯಮಾಮೊಟೊ ನೇತೃತ್ವದಲ್ಲಿ 2015ರಲ್ಲಿ ಬಂದ ನಾಲ್ಕನೇ ತಲೆಮಾರಿನ ಕಾರು ಹಿಂದಿನದಕ್ಕಿಂತ 100 ಕೆ.ಜಿ.ಗೂ ಹೆಚ್ಚು ಹಗುರ. ಜಪಾನಿನ ಮೂಲ ಮಾದರಿಯ ತೂಕ 990 ಕೆ.ಜಿ. ಉದ್ದ 3,915 ಮಿ.ಮೀ., ಮೊದಲ ತಲೆಮಾರಿಗಿಂತಲೂ ಕಡಿಮೆ.

ಹೇಗೆ ಮಾಡಿದರು? ಅದೇ ಸುರುಳಿಯನ್ನು ಉಲ್ಟಾ ತಿರುಗಿಸಿ. ಮೊದಲು ಎರಡು ಲೀಟರ್ ಎಂಜಿನ್ನಿನ ಜಾಗಕ್ಕೆ 131 ಪಿಎಸ್ ಶಕ್ತಿಯ 1.5 ಲೀಟರ್ ಎಂಜಿನ್ ತಂದರು. ಹೊಸ ಸ್ಪೋರ್ಟ್ಸ್ ಕಾರಿನಲ್ಲಿ ಪವರ್ ಕಡಿಮೆ ಮಾಡೋದು ಮಾರಾಟ ವಿಭಾಗದವರು ಕನಸಲ್ಲೂ ಒಪ್ಪದ ಮಾತು. ಎಂಜಿನ್ ಹಗುರವಾದ್ದರಿಂದ ಚಿಕ್ಕ ಬ್ರೇಕ್ ಸಾಕಾಯಿತು, ಚಿಕ್ಕ ಚಕ್ರ ಸಾಕಾಯಿತು. ಮೂರನೇ ತಲೆಮಾರಿನಲ್ಲಿ ಪ್ರತಿ ಚಕ್ರಕ್ಕೆ ಐದು ನಟ್ಟುಗಳಿದ್ದವು, ಇದರಲ್ಲಿ ನಾಲ್ಕೇ. ಬಾನೆಟ್, ಡಿಕ್ಕಿ ಬಾಗಿಲು, ಮುಂದಿನ ಫೆಂಡರ್ ಅಲ್ಯೂಮಿನಿಯಂ. ಟಾಪು ತೆರೆಯಲು ಮೋಟರ್ ಇಲ್ಲ, ಸೀಟಲ್ಲಿ ಕೂತೇ ಒಂದು ಕೈಯಲ್ಲಿ ಹಿಂದಕ್ಕೆ ಎಳೆದರಾಯಿತು.

ಹಾಗಾದರೆ ಸುರಕ್ಷತೆ? 2015ರ ಯೂರೊ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಇದಕ್ಕೆ ನಾಲ್ಕು ಸ್ಟಾರ್ ಸಿಕ್ಕಿತು. ಪಾದಚಾರಿಗೆ ಡಿಕ್ಕಿಯಾದರೆ ತಲೆಗೆ ಏಟು ಕಡಿಮೆಯಾಗಲಿ ಅಂತ ಬಾನೆಟ್ ತಾನಾಗಿ ಮೇಲೇಳುವ ವ್ಯವಸ್ಥೆಯೂ ಇತ್ತು. ಎಲ್ಲಿ ಗಟ್ಟಿ ಉಕ್ಕು, ಎಲ್ಲಿ ಮಡಚಿಕೊಳ್ಳುವ ಭಾಗ ಅಂತ ಜಾಣತನದಿಂದ ಆರಿಸಿದರೆ ಜೀವ ಉಳಿಯುತ್ತದೆ. ತೂಕ ಸುರಿಯೋದು ಅದಕ್ಕೆ ಸೋಮಾರಿ ದಾರಿ. ಅದರಲ್ಲಿ ಇನ್ನೊಂದು ಮೋಸವೂ ಇದೆ. ಎರಡು ಕಾರು ಮುಖಾಮುಖಿಯಾದಾಗ ಭಾರದ ಕಾರು ತನ್ನ ಸವಾರನನ್ನು ಉಳಿಸೋದು ಎದುರಿನವನ ಖರ್ಚಿನಲ್ಲಿ. ಎದುರಿರುವುದು ಸ್ಕೂಟರ್ ಅಥವಾ ನಡೆದು ಹೋಗುವವರಾದರೆ ಹೇಳೋದೇ ಬೇಡ.

2016ರಲ್ಲಿ ಈ ಕಾರು 'ವರ್ಲ್ಡ್ ಕಾರ್ ಆಫ್ ದಿ ಇಯರ್' ಆಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಹಿರೋಷಿಮಾದ ಕಾರ್ಖಾನೆಯಿಂದ ಹೊರಬಂತು. ಟಾಪು ಮಡಚುವ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಇದೇ.

ಬ್ಯಾಟರಿ ಎಂಬ ಹೊಸ ಪರೀಕ್ಷೆ

ಈಗ ಕಷ್ಟದ ಪ್ರಶ್ನೆ. ಒಂದು ಕೆ.ಜಿ. ಪೆಟ್ರೋಲಿನಲ್ಲಿ ಸುಮಾರು 12 ಕಿಲೊವ್ಯಾಟ್ ಅವರ್ ಶಕ್ತಿ ಇದೆ. ಒಂದು ಕೆ.ಜಿ. ಬ್ಯಾಟರಿ ಪ್ಯಾಕ್‌ನಲ್ಲಿ ಅದರ ಸಣ್ಣ ಪಾಲು ಮಾತ್ರ. ಎಲೆಕ್ಟ್ರಿಕ್ ಮೋಟರ್ ಪೆಟ್ರೋಲ್ ಎಂಜಿನ್ನಿಗಿಂತ ಸುಮಾರು ಮೂರು ಪಟ್ಟು ದಕ್ಷ ಅನ್ನೋದು ದೊಡ್ಡ ಸಮಾಧಾನ. ಆದರೂ ಅಂತರ ಪೂರ್ತಿ ಮುಚ್ಚೋದಿಲ್ಲ.

ಟೆಸ್ಲಾದ ಮೊದಲ ಕಾರು, 2008ರ ರೋಡ್‌ಸ್ಟರ್, ಹಗುರತನಕ್ಕೆ ಹೆಸರಾದ ಲೋಟಸ್ ಎಲಿಸ್ ಕಾರಿನ ಚಾಸಿಯನ್ನು ಆಧರಿಸಿದ್ದು. 1996ರ ಮೊದಲ ಎಲಿಸ್ 750 ಕೆ.ಜಿ.ಗೂ ಕಡಿಮೆ ಇತ್ತು. ಟೆಸ್ಲಾದ್ದು 1,200 ಕೆ.ಜಿ. ದಾಟಿತು. ಅದರಲ್ಲಿ ಬ್ಯಾಟರಿಯೇ ಸುಮಾರು 450 ಕೆ.ಜಿ. ಮಾಜ್ದಾ 2023ರಲ್ಲಿ ತೋರಿಸಿದ ಐಕಾನಿಕ್ ಎಸ್‌ಪಿ ಎಂಬ ಎರಡು ಸೀಟಿನ ಕಲ್ಪನಾ ಕಾರಿನಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಪುಟ್ಟ ರೋಟರಿ ಎಂಜಿನ್ ಇತ್ತು. ಅದರ ತೂಕ 1,450 ಕೆ.ಜಿ.

ಹಾಗಂತ ಎಲೆಕ್ಟ್ರಿಕ್ ಕಾರು ಬೇಡ ಅನ್ನೋ ವಾದ ಇದಲ್ಲ, ಹವಾಮಾನದ ಲೆಕ್ಕದಲ್ಲಿ ಅದು ಬೇಕು. ಆದರೆ ದೊಡ್ಡ ಕಾರಿಗೆ ದೊಡ್ಡ ಬ್ಯಾಟರಿ, ದೊಡ್ಡ ಬ್ಯಾಟರಿಯನ್ನು ಹೊರಲು ಇನ್ನೂ ದೊಡ್ಡ ಕಾರು ಅಂತ ಹೊರಟರೆ ಅದೇ ಹಳೆಯ ಸುರುಳಿ ಹೊಸ ವೇಷದಲ್ಲಿ ಬರುತ್ತದೆ. ಲಿಥಿಯಂ ಅಗೆಯುವ ನೆಲಕ್ಕೂ ಟಯರು ಸವೆದು ಹಾರುವ ದೂಳನ್ನು ಉಸಿರಾಡುವ ಊರಿಗೂ ಅದರ ಬಿಲ್ಲು ಹೋಗುತ್ತದೆ.

ತೂಕಕ್ಕೆ ಕಾನೂನು ಏನು ಹೇಳುತ್ತೆ?

ಜಪಾನಿನಲ್ಲಿ 1971ರಿಂದ ವಾಹನದ ತೂಕಕ್ಕೇ ತೆರಿಗೆ ಇದೆ, ಪ್ರತಿ ಅರ್ಧ ಟನ್ನಿಗೆ ಒಂದು ಮೆಟ್ಟಿಲಿನಂತೆ. 990 ಕೆ.ಜಿ.ಯ ಕಾರು ಒಂದು ಟನ್ನಿನ ಮೆಟ್ಟಿಲಿನೊಳಗೇ ಉಳಿಯುತ್ತದೆ. ಫ್ರಾನ್ಸ್ 2022ರಲ್ಲಿ ಭಾರದ ಕಾರುಗಳ ಮೇಲೆ ದಂಡ ತೆರಿಗೆ ತಂದಿತು. 2024ರ ಫೆಬ್ರವರಿಯಲ್ಲಿ ಪ್ಯಾರಿಸ್ ಮತದಾರರು, ಹೊರಗಿನಿಂದ ಬರುವ ಭಾರದ ಕಾರುಗಳಿಗೆ ಪಾರ್ಕಿಂಗ್ ಶುಲ್ಕ ಮೂರು ಪಟ್ಟು ಮಾಡುವ ಪ್ರಸ್ತಾಪವನ್ನು ಒಪ್ಪಿದರು.

ನಮ್ಮಲ್ಲಿ? 2006ರಿಂದ ಸಣ್ಣ ಕಾರು ಅಂದರೆ ನಾಲ್ಕು ಮೀಟರ್‌ಗಿಂತ ಉದ್ದ ಇರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ ಮೀರಬಾರದು ಎಂಬ ಲೆಕ್ಕ. 2025ರ ಸೆಪ್ಟೆಂಬರ್‌ನ ಜಿಎಸ್‌ಟಿ ಬದಲಾವಣೆಯಲ್ಲೂ ಇದೇ ಗೆರೆ: ಒಳಗಿದ್ದರೆ ಶೇ 18, ಹೊರಗಿದ್ದರೆ ಶೇ 40. ತೂಕದ ಮಾತೇ ಇಲ್ಲ. ಅದಕ್ಕೇ ನಮ್ಮ ಕಂಪನಿಗಳು ನಾಲ್ಕು ಮೀಟರಿನೊಳಗೇ ಎತ್ತರದ, ಭಾರದ ಎಸ್‌ಯುವಿ ತುರುಕೋದನ್ನು ಕಲಿತವು.

ಇಂಧನ ದಕ್ಷತೆಯ ಕೆಫೆ ನಿಯಮದಲ್ಲಿ ತೂಕದ ಮಾತಿದೆ, ಆದರೆ ಉಲ್ಟಾ. ಒಂದು ಕಂಪನಿ ಮಾರಿದ ಕಾರುಗಳ ಸರಾಸರಿ ತೂಕ ಹೆಚ್ಚಾದಷ್ಟೂ ಅದಕ್ಕೆ ಗುರಿ ಸಡಿಲ. 2022-23ರಿಂದ ಜಾರಿಯಾದ ಸೂತ್ರದಲ್ಲಿ ಸರಾಸರಿ 100 ಕೆ.ಜಿ. ಏರಿದರೆ, 100 ಕಿ.ಮೀ.ಗೆ 0.2 ಲೀಟರ್ ಹೆಚ್ಚು ಇಂಧನ ಸುಡುವ ಅವಕಾಶ. ಮುಂದಿನ ಹಂತದ 2025ರ ಕರಡಿನಲ್ಲಿ 909 ಕೆ.ಜಿ. ಒಳಗಿನ ಸಣ್ಣ ಪೆಟ್ರೋಲ್ ಕಾರುಗಳಿಗೆ ರಿಯಾಯಿತಿಯ ಮಾತು ಬಂದಾಗ ಕಂಪನಿಗಳು ಎರಡು ಬಣಗಳಾಗಿ ಬಹಿರಂಗವಾಗಿಯೇ ಕಿತ್ತಾಡಿದವು. ಸಣ್ಣ ಕಾರು ಹೆಚ್ಚು ಮಾರುವವರು ಪರ, ಎಸ್‌ಯುವಿ ಮಾರುವವರು ವಿರೋಧ. ಆ ಜಗಳದಲ್ಲಿ ರಸ್ತೆ ದಾಟುವವರ ಪರವಾಗಿ, ಬಸ್ಸಿಗೆ ಕಾಯುವವರ ಪರವಾಗಿ ಮಾತಾಡಿದವರು ಯಾರು?

ಎಂಎಕ್ಸ್-5 ನಮ್ಮ ಸಾರಿಗೆ ಸಮಸ್ಯೆಗೆ ಪರಿಹಾರ ಅಲ್ಲ, ಇಬ್ಬರೇ ಕೂರುವ ಕಾರು ಆಗೋದೂ ಸಾಧ್ಯವಿಲ್ಲ. ಅದು ಒಂದು ನೆಪವನ್ನು ಮಾತ್ರ ನಮ್ಮಿಂದ ಕಿತ್ತುಕೊಳ್ಳುತ್ತದೆ. ಹೊಸ ಸುರಕ್ಷತಾ ನಿಯಮ, ಹೊಸ ಹೊಗೆ ನಿಯಮ ಎಲ್ಲ ಪಾಲಿಸಿಯೂ ಒಂದು ಸಣ್ಣ ಕಂಪನಿ ತನ್ನ ಕಾರನ್ನು 26 ವರ್ಷದ ಹಿಂದಿನ ತೂಕದ ಹತ್ತಿರಕ್ಕೆ ಇಳಿಸಿತು ಅಂದ ಮೇಲೆ, 'ಬೇರೆ ದಾರಿಯೇ ಇಲ್ಲ' ಎಂಬ ಮಾತು ನಡೆಯೋದಿಲ್ಲ. ಮುಂದಿನ ಸಲ ಬಜೆಟ್ಟಿನಲ್ಲೋ ಜಿಎಸ್‌ಟಿ ಮಂಡಳಿಯಲ್ಲೋ ಕಾರು ತೆರಿಗೆಯ ಚರ್ಚೆ ಬಂದಾಗ ಉದ್ದ ಎಷ್ಟು, ಸಿಸಿ ಎಷ್ಟು ಅನ್ನೋದರ ಜೊತೆಗೆ ತೂಕ ಎಷ್ಟು ಅಂತಲೂ ಕೇಳೋಣ.